ಬಯಲನ್ನೇ ಚಿತ್ರಶಾಲೆ ಮಾಡಿಕೊಂಡ ವಿನ್ಸೆಂಟ್ ವಾನ್ ಗೋ

ಚಿತ್ರಕಾರನೆಂದೊಡನೆ ನಾಲ್ಕು ಗೋಡೆಗಳ ನಡುವೆ, ಕಿಟಕಿಯ ಬೆಳಕಿನಲ್ಲಿ ಕುಳಿತು ನಿಧಾನವಾಗಿ ಕುಂಚವನ್ನಾಡಿಸುವ ಮನುಷ್ಯನೊಬ್ಬನು ನಮ್ಮ ಮನಸ್ಸಿನ ಮುಂದೆ ಬಂದು ನಿಲ್ಲುತ್ತಾನೆ. ಯುರೋಪಿನಲ್ಲಿಯೂ ಬಹುಕಾಲ ಚಿತ್ರಗಳು ಹುಟ್ಟುತ್ತಿದ್ದುದು ಹಾಗೆಯೇ. ಬೆಟ್ಟ, ಹೊಲ, ಹೊಳೆಗಳನ್ನು ಬರೆಯುವವನು ಸ್ಥಳಕ್ಕೆ ಹೋಗಿ ಗುರುತಿಗೆ ನಾಲ್ಕು ಗೆರೆ ಎಳೆದುಕೊಂಡು ಬಂದು, ಬಣ್ಣದ ಚಿತ್ರವನ್ನು ಮನೆಯಲ್ಲಿ ಕುಳಿತು ಮುಗಿಸುವುದೇ ಸಾಮಾನ್ಯ ಪದ್ಧತಿಯಾಗಿದ್ದಿತು. ಅದಕ್ಕೆ ಒಂದು ಲೌಕಿಕ ಕಾರಣವೂ ಇತ್ತು. ಅರೆದ ಎಣ್ಣೆ ಬಣ್ಣವನ್ನು ಆ ಕಾಲದಲ್ಲಿ ಹಂದಿಯ ಮೂತ್ರಕೋಶದ ಸಣ್ಣ ಚೀಲಗಳಲ್ಲಿ ತುಂಬಿಡುತ್ತಿದ್ದರು. ಅವು ಒಡೆಯುತ್ತಿದ್ದವು, ಒಮ್ಮೆ ಚುಚ್ಚಿದ ಮೇಲೆ ಬಣ್ಣ ಬೇಗ ಒಣಗುತ್ತಿತ್ತು. ೧೮೪೧ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ತವರದ ತಗಡಿನ ಟ್ಯೂಬನ್ನು ಕಂಡುಹಿಡಿದನು. ಬಣ್ಣವನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗುವಂತಾಯಿತು. ರೈಲುಗಾಡಿಯೂ ಬಂದಿತು. ಪ್ಯಾರಿಸ್ಸಿನ ಚಿತ್ರಕಾರರು ಹಳ್ಳಿಗಳಿಗೆ ಹೊರಟರು.

ಅಂತಹ ಹಳ್ಳಿಗಳಲ್ಲಿ ಫಾಂಟೆನ್‌ಬ್ಲೋ ಅಡವಿಯ ಅಂಚಿನ ಬಾರ್ಬಿಜೋಂ ಹೆಸರಾದುದು. ಅಲ್ಲಿ ಗಾನ್ ಎಂಬವನ ಖಾನಾವಳಿಯಲ್ಲಿ ಚಿತ್ರಕಾರರು ತಂಗುತ್ತಿದ್ದರು. ಹಗಲೆಲ್ಲ ಅಡವಿಯಲ್ಲಿ ಬರೆದು, ಸಂಜೆ ಹಿಂತಿರುಗಿದ ಮೇಲೆ ಖಾನಾವಳಿಯ ಗೋಡೆ ಬೀರುಗಳ ಮೇಲೂ ಚಿತ್ರ ಬರೆಯುತ್ತಿದ್ದರು, ಯಜಮಾನನು ಬೇಡವೆನ್ನಲಿಲ್ಲ. ಅವರ ಬಳಿಕ ಮೋನೆ ಮೊದಲಾದವರು ಬಯಲಿನ ಬೆಳಕನ್ನೇ ತಮ್ಮ ಕಲೆಯ ವಸ್ತುವನ್ನಾಗಿ ಮಾಡಿದರು. ಈ ಪರಂಪರೆಯಲ್ಲಿ ಹಿಂದಿನಿಂದ ಬಂದು, ಕೇವಲ ಹತ್ತು ವರ್ಷ ದುಡಿದು, ಜಗತ್ತಿನ ಮನೆಮಾತಾದವನು ಹಾಲೆಂಡಿನ ವಿನ್ಸೆಂಟ್ ವಾನ್ ಗೋ. ಅವನು ಮೊದಲು ಗುಮಾಸ್ತನಾಗಿದ್ದನು. ಬಾಳಿನ ಬಹುಭಾಗವನ್ನು ಪರಸ್ಥಳಗಳ ಬಾಡಿಗೆ ಕೋಣೆಗಳಲ್ಲಿ ಕಳೆದನು. ಕೊನೆಯುಸಿರನ್ನು ಒಂದು ಖಾನಾವಳಿಯ ಅಟ್ಟದ ಮೇಲೆ ಎಳೆದನು.

ಗುಮಾಸ್ತಗಿರಿಯಿಂದ ಕುಂಚದವರೆಗೆ

ವಿನ್ಸೆಂಟನು ೧೮೫೩ನೆಯ ಮಾರ್ಚಿ ೩೦ರಂದು ಹಾಲೆಂಡಿನ ಬ್ರಬಾಂಟ್ ಪ್ರಾಂತದ ಜುಂಡರ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಪಾದ್ರಿ, ಮಿತವಾದ ವರಮಾನ, ದೊಡ್ಡ ಸಂಸಾರ. ಚಿಕ್ಕಂದಿನಿಂದ ಹೊಲ ಕಾಡುಗಳಲ್ಲಿ ಒಬ್ಬನೇ ತಿರುಗುವುದು ಅವನ ಅಭ್ಯಾಸವಾಗಿದ್ದಿತು. ನಾಲ್ಕು ವರ್ಷ ಕಿರಿಯನಾದ ತಮ್ಮ ಥಿಯೋನ ಮೇಲೆ ಅವನಿಗೆ ಅತಿಶಯವಾದ ಪ್ರೀತಿ.

ಅವನ ತಂದೆಯ ಸೋದರರಲ್ಲಿ ಮೂವರು ಚಿತ್ರವ್ಯಾಪಾರಿಗಳು. ಅವರೊಬ್ಬರ ವಶೀಲಿಯಿಂದ ಹದಿನಾರನೆಯ ವಯಸ್ಸಿನಲ್ಲಿ, ೧೮೬೯ರಲ್ಲಿ, ವಿನ್ಸೆಂಟನು ಹೇಗ್ ನಗರದ ಗೂಪಿಲ್ ಎಂಬ ಚಿತ್ರವ್ಯಾಪಾರದ ಕೋಠಿಯನ್ನು ಸೇರಿದನು. ಅಲ್ಲಿಂದ ಲಂಡನ್ನಿಗೆ, ಲಂಡನ್ನಿನಿಂದ ಪ್ಯಾರಿಸ್ಸಿಗೆ ವರ್ಗವಾಯಿತು. ಮೊದಮೊದಲು ಕೆಲಸ ಚೆನ್ನಾಗಿಯೇ ನಡೆಯಿತು. ಆದರೆ ಬರಬರುತ್ತ ಗಿರಾಕಿಗೆ ಬೇಕಾದ ಮಾತನ್ನಾಡುವುದು ಅವನಿಂದ ಆಗದಾಯಿತು. ೧೮೭೬ರಲ್ಲಿ ಕೋಠಿಯವರು ಅವನನ್ನು ಕೆಲಸದಿಂದ ಬಿಡಿಸಿದರು.

ಮುಂದಿನ ನಾಲ್ಕು ವರ್ಷ ಅವನು ಹಿಡಿದುದೆಲ್ಲ ಕೈಬಿಟ್ಟುಹೋಯಿತು. ಇಂಗ್ಲೆಂಡಿನ ಶಾಲೆಯಲ್ಲಿ ಉಪಾಧ್ಯಾಯನಾದನು. ಪುಸ್ತಕದ ಅಂಗಡಿಯಲ್ಲಿ ಗುಮಾಸ್ತನಾದನು. ಪಾದ್ರಿಯಾಗಲು ಓದತೊಡಗಿ ಅರ್ಧಕ್ಕೆ ಬಿಟ್ಟನು. ಬೆಲ್ಜಿಯಮ್ಮಿನ ಬೋರಿನಾಜ್ ಎಂಬ ಕಲ್ಲಿದ್ದಲು ಗಣಿಗಳ ಸೀಮೆಗೆ ಧರ್ಮಪ್ರಚಾರಕನಾಗಿ ಹೋಗಿ, ಇದ್ದ ಬಟ್ಟೆಬರೆಗಳನ್ನು ಬಡವರಿಗೆ ಹಂಚಿ, ತಾನು ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದನು. ಧರ್ಮಸಂಸ್ಥೆಯವರಿಗೆ ಈ ಅತಿರೇಕವು ಹಿಡಿಸಲಿಲ್ಲ. ಆ ಕೆಲಸವೂ ಹೋಯಿತು. ಅಲ್ಲಿ ಗಣಿಗೆ ಹೋಗಿಬರುವ ಕೂಲಿಕಾರರ ಆಕೃತಿಗಳನ್ನು ಕಾಗದದ ಮೇಲೆ ಗೀಚುತ್ತ ಗೀಚುತ್ತ, ೧೮೮೦ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತಾನು ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದನು.

ಈ ನಿಶ್ಚಯದ ಭಾರವನ್ನು ಹೊತ್ತವನು ತಮ್ಮ ಥಿಯೋ. ಅವನೂ ಅದೇ ಗೂಪಿಲ್ ಕೋಠಿಯಲ್ಲಿ ನೌಕರ. ದೂರದೇಶದಲ್ಲಿ ದುಡಿದು ಊರಿನ ಮನೆಗೆ ತಿಂಗಳು ತಿಂಗಳು ಹಣ ಕಳುಹಿಸುವುದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿ ದುಡಿದು ಕಳುಹಿಸಿದವನು ತಮ್ಮ, ಕೈಯೊಡ್ಡಿದವನು ಅಣ್ಣ. ತಿಂಗಳಿಗೆ ೧೫೦ ಫ್ರಾಂಕಿನಂತೆ ಒಂದು ಕಾಲದಲ್ಲಿ ನಿಗದಿಯಾಗಿದ್ದಿತು. ಮುಂದೆ ಅದಕ್ಕಿಂತ ಹೆಚ್ಚಾಯಿತು. ಇದನ್ನು ದಾನವೆಂದು ತೆಗೆದುಕೊಳ್ಳಲು ವಿನ್ಸೆಂಟನ ಮನಸ್ಸು ಒಪ್ಪಲಿಲ್ಲ. ತಾನು ಬರೆದ ಚಿತ್ರಗಳೆಲ್ಲ ತಮ್ಮನ ಸ್ವತ್ತು, ಬರುವ ಹಣ ತನ್ನ ಸಂಪಾದನೆ ಎಂದು ೧೮೮೪ರಲ್ಲಿ ಅವರಿಬ್ಬರೊಳಗೆ ಒಡಂಬಡಿಕೆಯಾಯಿತು. ಆ ಚಿತ್ರಗಳನ್ನು ಕೊಳ್ಳುವವರು ಮಾತ್ರ ಇರಲಿಲ್ಲ.

ಗಾಳಿ, ಮರಳು, ಬಿಸಿಲು

ಬಯಲಿನಲ್ಲಿ ಚಿತ್ರ ಬರೆಯುವ ಕಷ್ಟಗಳ ಪರಿಚಯ ಅವನಿಗಾದುದು ಹೇಗ್ ನಗರದಲ್ಲಿ. ದೂರ ಹತ್ತಿರಗಳ ಅಳತೆಯನ್ನು ಸರಿಯಾಗಿ ಹಿಡಿಯುವುದಕ್ಕೆಂದು ೧೮೮೨ರಲ್ಲಿ ಒಂದು ಚೌಕಟ್ಟನ್ನು ಮಾಡಿಸಿದನು. ಮರದ ಚೌಕಟ್ಟಿನೊಳಗೆ ಅಡ್ಡ ಉದ್ದ ದಾರಗಳನ್ನು ಬಿಗಿದು, ಅದನ್ನು ಎರಡು ಉದ್ದವಾದ ಕೋಲುಗಳಿಗೆ ಸಿಕ್ಕಿಸಿ ನೆಲದಲ್ಲಿ ನೆಡುವುದು. ದಾರಗಳ ಸಂದಿಯಿಂದ ನೋಡಿದರೆ ಯಾವ ಮರ ಎಲ್ಲಿ ನಿಂತಿದೆ, ದಾರಿ ಎಲ್ಲಿ ಸಣ್ಣದಾಗುತ್ತದೆ ಎಂಬುದು ಕಿಟಕಿಯೊಳಗಿಂದ ಕಂಡಂತೆ ಕಾಣುವುದು. ಮರಳುದಿಬ್ಬದಲ್ಲಿಯೂ ನಿಲ್ಲುವಂತೆ ಕೋಲುಗಳ ತುದಿಗೆ ಕಬ್ಬಿಣದ ಮೊನೆಗಳನ್ನು ಹಾಕಿಸಿದ್ದನು.

ಆ ವರ್ಷದ ಆಗಸ್ಟಿನಲ್ಲಿ ಷೆವೆನಿಂಗನ್ನಿನ ಕಡಲ ದಂಡೆಯಲ್ಲಿ ಬಿರುಗಾಳಿ ಎದ್ದಿತು. ಊರಿನವರು ಬಾಗಿಲು ಹಾಕಿಕೊಂಡರೆ ಇವನು ಬಣ್ಣದ ಪೆಟ್ಟಿಗೆ ಹೊತ್ತು ದಂಡೆಗೆ ಹೋದನು. ಗಾಳಿಗೆ ಹಾರಿದ ಮರಳು ಹಸಿ ಬಣ್ಣಕ್ಕೆ ದಪ್ಪವಾಗಿ ಮೆತ್ತಿಕೊಂಡಿತು. ಕೆರೆದು ತೆಗೆದು ಮತ್ತೆ ಬರೆದನು, ಪುನಃ ಮೆತ್ತಿತು, ಪುನಃ ಕೆರೆದನು. ಆ ಚಿತ್ರದ ಬಣ್ಣದಲ್ಲಿ ಇಂದಿಗೂ ಮರಳಿನ ಕಣಗಳಿವೆ. ೨೦೦೨ರಲ್ಲಿ ಆಮ್‌ಸ್ಟರ್‌ಡಾಮಿನ ವಸ್ತುಸಂಗ್ರಹಾಲಯದಿಂದ ಕಳ್ಳರು ಅದನ್ನು ಕದ್ದೊಯ್ದಿದ್ದರು. ೨೦೧೬ರಲ್ಲಿ ಇಟಲಿಯಲ್ಲಿ ಸಿಕ್ಕಿತು.

ನ್ಯೂನೆನ್ ಎಂಬ ಹಳ್ಳಿಯಲ್ಲಿ ತಂದೆಯ ಮನೆಯಲ್ಲಿದ್ದಾಗ ರೈತರನ್ನೂ ನೇಕಾರರನ್ನೂ ಬರೆದನು. ಆಲೂಗೆಡ್ಡೆ ತಿನ್ನುತ್ತಿರುವ ಬಡ ಸಂಸಾರದ ಸುಪ್ರಸಿದ್ಧ ಚಿತ್ರ ೧೮೮೫ರದು. ಆಗ ಅವನ ಬಣ್ಣಗಳೆಲ್ಲ ಮಣ್ಣಿನಂತೆ ಕಪ್ಪಾಗಿದ್ದವು. ೧೮೮೬ರಲ್ಲಿ ಪ್ಯಾರಿಸ್ಸಿಗೆ ಬಂದು ತಮ್ಮನ ಮನೆಯಲ್ಲಿ ನಿಂತ ಮೇಲೆ ಹೊಸ ಚಿತ್ರಕಾರರ ಬೆಳಕನ್ನು ಕಂಡನು. ಸಿನ್ಯಾಕ್, ಬರ್ನಾರ್ ಎಂಬ ಕಿರಿಯ ಗೆಳೆಯರೊಡನೆ ಸೇನ್ ನದಿಯ ದಂಡೆಗೆ ಹೋಗಿ ಬರೆಯುತ್ತಿದ್ದನು. ತಾಂಗಿ ಎಂಬ ಬಣ್ಣದ ಅಂಗಡಿಯ ಮುದುಕನು ದುಡ್ಡಿಗೆ ಬದಲಾಗಿ ಚಿತ್ರವನ್ನೇ ತೆಗೆದುಕೊಂಡು ಬಣ್ಣ ಕೊಡುತ್ತಿದ್ದನು. ಎರಡು ವರ್ಷಗಳಲ್ಲಿ ಅವನ ಕಪ್ಪು ಬಣ್ಣ ಕರಗಿಹೋಯಿತು. ಆದರೆ ಪಟ್ಟಣದ ಗದ್ದಲ, ಕುಡಿತ, ಜಗಳ ದೇಹವನ್ನು ಹಣ್ಣುಮಾಡಿದವು. ೧೮೮೮ನೆಯ ಫೆಬ್ರವರಿ ೨೦ರಂದು ಅವನು ದಕ್ಷಿಣದ ಆರ್ಲ್ ಎಂಬ ಸಣ್ಣ ಊರಿಗೆ ಬಂದಿಳಿದನು.

ಆರ್ಲ್ ಊರಿನ ಒಂದು ವರ್ಷ

ಅವನು ಬಿಸಿಲನ್ನು ಹುಡುಕಿಕೊಂಡು ಬಂದಿದ್ದನು; ಊರಿನಲ್ಲಿ ಹಿಮ ಬಿದ್ದಿದ್ದಿತು. ಕೆಲವೇ ವಾರಗಳಲ್ಲಿ ಬಾದಾಮಿ, ಪೀಚ್, ಪ್ಲಮ್ ಗಿಡಗಳು ಹೂವಿಟ್ಟವು. ಹೂವು ಹೆಚ್ಚು ದಿನ ನಿಲ್ಲುವುದಲ್ಲ. ವಿನ್ಸೆಂಟನು ದಿನಕ್ಕೊಂದು ತೋಟಕ್ಕೆ ಹೋಗಿ ಹದಿನಾಲ್ಕರಷ್ಟು ಚಿತ್ರಗಳನ್ನು ಬರೆದು ಮುಗಿಸಿದನು. ಆ ಸೀಮೆಯಲ್ಲಿ ಮಿಸ್ಟ್ರಾಲ್ ಎಂಬ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ. ಕ್ಯಾನ್ವಾಸು ನಡುಗಿ ಕುಂಚ ಜಾರುವುದು. ಅವನು ಚಿತ್ರದ ಮುಕ್ಕಾಲಿಯ ಕಾಲುಗಳ ಪಕ್ಕದಲ್ಲಿ ನೆಲಕ್ಕೆ ಗೂಟ ಬಡಿದು, ಕಾಲುಗಳನ್ನು ಹಗ್ಗದಿಂದ ಬಿಗಿದು ಕೆಲಸ ಮಾಡಿದನು.

ಜೂನ್ ತಿಂಗಳಲ್ಲಿ ಗೋಧಿಯ ಕುಯಿಲು. ನೆರಳಿಲ್ಲದ ಬಯಲಿನಲ್ಲಿ, ಸುಡುವ ಬಿಸಿಲಿನಲ್ಲಿ, ಕುಯ್ಯುವವರ ಸಂಗಡ ಇವನೂ ನಿಂತನು. ಒಂದು ವಾರಕ್ಕೆ ಸ್ವಲ್ಪ ಹೆಚ್ಚು ಅವಧಿಯಲ್ಲಿ ಹತ್ತು ವರ್ಣಚಿತ್ರಗಳೂ ಐದು ರೇಖಾಚಿತ್ರಗಳೂ ಆದವು. ಜಡಿಮಳೆ ಬಂದು ಕುಯಿಲು ನಿಂತಾಗಲೇ ಅವನ ಕೆಲಸವೂ ನಿಂತಿತು. ಇಷ್ಟು ವೇಗವಾಗಿ ಬರೆದುದರಲ್ಲಿ ಹುರುಳಿರಲಾರದೆಂದು ಜನ ಹೇಳಬಹುದೆಂಬ ಶಂಕೆ ಅವನಿಗಿತ್ತು. ಆದರೆ ಆ ವೇಗದ ಹಿಂದೆ ಎಷ್ಟೋ ದಿನಗಳ ಲೆಕ್ಕಾಚಾರವಿತ್ತು. ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣವೆಂಬುದನ್ನು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು ಹೋಗುತ್ತಿದ್ದನೆಂಬುದು ಅವನ ಕಾಗದಗಳಿಂದ ತಿಳಿಯುತ್ತದೆ.

ಊಟ ವಸತಿಗಳ ಕಥೆಯೂ ತಿಳಿಯತಕ್ಕದ್ದೇ. ಮೊದಲು ಇಳಿದುಕೊಂಡ ಹೋಟೆಲಿನಲ್ಲಿ ಬಿಲ್ಲಿನ ವಿಷಯವಾಗಿ ವ್ಯಾಜ್ಯವಾಯಿತು. ಊರಿನ ನ್ಯಾಯಾಧಿಕಾರಿಯ ಬಳಿಗೆ ಹೋಗಿ ೧೨ ಫ್ರಾಂಕನ್ನು ಕಡಿಮೆ ಮಾಡಿಸಿಕೊಂಡನು. ತಿಂಗಳಿಗೆ ೧೫ ಫ್ರಾಂಕು ಬಾಡಿಗೆಗೆ ಹಳದಿ ಬಣ್ಣದ ಮನೆಯೊಂದು ಸಿಕ್ಕಿತು. ಅದಕ್ಕೆ ಮಂಚ ಕುರ್ಚಿಗಳಾಗುವವರೆಗೆ ರೈಲ್ವೆ ನಿಲ್ದಾಣದ ಹತ್ತಿರವಿದ್ದ ಜಿನೂ ದಂಪತಿಗಳ ಕಾಫಿಖಾನೆಯಲ್ಲಿ ಮಲಗುತ್ತಿದ್ದನು. ರಾತ್ರಿಯೆಲ್ಲ ತೆರೆದಿರುತ್ತಿದ್ದ ಆ ಸ್ಥಳವನ್ನು ಮೂರು ರಾತ್ರಿ ಎಚ್ಚರವಿದ್ದು, ಹಗಲು ನಿದ್ರಿಸಿ, ಬರೆದನು. ಕೆಂಪು ಗೋಡೆ, ಹಸುರು ಮಾಡು, ದೀಪದ ಕೆಳಗೆ ಮೇಜಿಗೆ ತಲೆಯಿಟ್ಟು ತೂಕಡಿಸುತ್ತಿರುವ ಗತಿಗೆಟ್ಟವರು, ನಡುವೆ ಬಿಳಿಯ ಉಡುಪಿನ ಯಜಮಾನ. ಮಧ್ಯರಾತ್ರಿ ಮೀರಿದ ಮೇಲೂ ಹೋಟೆಲಿನಲ್ಲಿ ಎಚ್ಚರವಿರುವವರಿಗೆ ಈ ಚಿತ್ರದ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ತಮ್ಮನ ಹಣ ತಡವಾದ ಅಕ್ಟೋಬರ್ ತಿಂಗಳಿನಲ್ಲಿ ಒಮ್ಮೆ ನಾಲ್ಕು ದಿನ ಬರಿಯ ಕಾಫಿ ಮತ್ತು ಬ್ರೆಡ್ಡಿನ ಮೇಲೆಯೇ ಇದ್ದನು. ಇಪ್ಪತ್ತಮೂರು ಬಟ್ಟಲು ಕಾಫಿಯನ್ನು ಅವನು ಎಣಿಸಿಟ್ಟಿದ್ದನು. ಬ್ರೆಡ್ಡಿನ ದುಡ್ಡು ಸಾಲವಾಗಿ ಉಳಿದಿತ್ತು.

ಸೆಪ್ಟೆಂಬರಿನಲ್ಲಿ ರಾತ್ರಿಯನ್ನೂ ಬಯಲಿನಲ್ಲಿಯೇ ನಿಂತು ಬರೆಯತೊಡಗಿದನು. ಊರ ಚೌಕದಲ್ಲಿ ಕಾಫಿಯಂಗಡಿಯ ಜಗಲಿಯ ಹಳದಿ ಬೆಳಕು, ಮೇಲೆ ನೀಲಿ ಆಕಾಶ, ನಕ್ಷತ್ರಗಳು. ಇಡೀ ಚಿತ್ರದಲ್ಲಿ ಕಪ್ಪು ಬಣ್ಣವನ್ನು ಮುಟ್ಟದೆ ಅವನು ರಾತ್ರಿಯನ್ನು ತೋರಿಸಿದನು. ಟೋಪಿಯ ಸುತ್ತ ಮೇಣದ ಬತ್ತಿಗಳನ್ನು ಹಚ್ಚಿಕೊಂಡು ಬರೆಯುತ್ತಿದ್ದನೆಂದು ಒಂದು ಕಥೆ ಬೆಳೆದಿದೆ. ರೋನ್ ನದಿಯ ಮೇಲಿನ ನಕ್ಷತ್ರಗಳ ಚಿತ್ರವನ್ನು ಬೀದಿಯ ಗ್ಯಾಸ್ ದೀಪದ ಕೆಳಗೆ ಬರೆದುದಾಗಿ ಅವನ ಕಾಗದದಿಂದ ತಿಳಿದುಬರುತ್ತದೆ.

ಊರಿನಲ್ಲಿ ಅವನಿಗೆ ದೊರೆತ ಆಪ್ತರಲ್ಲಿ ಜೋಸೆಫ್ ರೂಲಾಂ ಮುಖ್ಯನು. ಇವನು ರೈಲ್ವೆ ನಿಲ್ದಾಣದಲ್ಲಿ ಟಪಾಲು ಚೀಲಗಳನ್ನು ಇಳಿಸಿ ಏರಿಸುವ ಅಂಚೆಯ ನೌಕರ. ಸಂಬಳ ತಿಂಗಳಿಗೆ ೧೩೫ ಫ್ರಾಂಕು. ಹೆಂಡತಿ, ಮೂವರು ಮಕ್ಕಳು. ಚಿತ್ರಕ್ಕೆ ಕುಳಿತುಕೊಳ್ಳುವವರಿಗೆ ಕೂಲಿ ಕೊಡಲು ವಿನ್ಸೆಂಟನಿಗೆ ಶಕ್ತಿಯಿರಲಿಲ್ಲ. ರೂಲಾಂನ ಮನೆಮಂದಿಯೆಲ್ಲ ಸ್ನೇಹಕ್ಕಾಗಿಯೇ ಕುಳಿತರು. ನೀಲಿ ಸಮವಸ್ತ್ರದ, ಉದ್ದ ಗಡ್ಡದ ಆ ನೌಕರನ ಮುಖವನ್ನು ಇಂದು ದೇಶದೇಶಗಳ ಸಂಗ್ರಹಾಲಯಗಳಲ್ಲಿ ಜನ ನಿಂತು ನೋಡುತ್ತಾರೆ.

ದಕ್ಷಿಣದಲ್ಲಿ ಚಿತ್ರಕಾರರೆಲ್ಲ ಒಂದೇ ಮನೆಯಲ್ಲಿದ್ದು, ಖರ್ಚನ್ನು ಹಂಚಿಕೊಂಡು, ಒಟ್ಟಿಗೆ ದುಡಿಯಬೇಕೆಂಬುದು ವಿನ್ಸೆಂಟನ ದೊಡ್ಡ ಕನಸು. ಅದನ್ನು ನಂಬಿ ಅಕ್ಟೋಬರಿನಲ್ಲಿ ಬಂದವನು ಪಾಲ್ ಗೊಗ್ಯಾಂ ಒಬ್ಬನೇ. ಕಣ್ಣೆದುರಿಗಿಟ್ಟುಕೊಂಡು ಬರೆಯಬೇಕೆನ್ನುವವನು ವಿನ್ಸೆಂಟ್. ನೆನಪಿನಿಂದ, ಕಲ್ಪನೆಯಿಂದ ಬರೆಯಬೇಕೆನ್ನುವವನು ಗೊಗ್ಯಾಂ. ಒಂಬತ್ತು ವಾರಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸಾಕಾದರು. ಡಿಸೆಂಬರ್ ೨೩ರ ರಾತ್ರಿ ಚಿತ್ತವಿಭ್ರಮೆಯಲ್ಲಿ ವಿನ್ಸೆಂಟನು ತನ್ನ ಕಿವಿಯನ್ನು ಕುಯ್ದುಕೊಂಡನು. ಗೊಗ್ಯಾಂ ಊರು ಬಿಟ್ಟನು. ಆಸ್ಪತ್ರೆಯಲ್ಲಿ ಅವನ ಯೋಗಕ್ಷೇಮ ವಿಚಾರಿಸಿ ಥಿಯೋನಿಗೆ ಕಾಗದ ಬರೆದವನು ಆ ಅಂಚೆಯ ನೌಕರ. ನೆರೆಹೊರೆಯ ಸುಮಾರು ೩೦ ಮಂದಿ ಸಹಿ ಹಾಕಿ, ಈ ಹುಚ್ಚನನ್ನು ಊರಿನಲ್ಲಿರಗೊಡಬಾರದೆಂದು ಅರ್ಜಿ ಕೊಟ್ಟರು. ಹಳದಿ ಮನೆಗೆ ಪೊಲೀಸರ ಬೀಗ ಬಿದ್ದಿತು.

ಆಸ್ಪತ್ರೆಯ ಕಿಟಕಿ, ಆಲಿವ್ ತೋಪು

೧೮೮೯ನೆಯ ಮೇ ತಿಂಗಳಲ್ಲಿ ಅವನು ತಾನಾಗಿಯೇ ಸ್ಯಾಂ ರೆಮಿಯ ಮಾನಸಿಕ ಚಿಕಿತ್ಸಾಲಯವನ್ನು ಸೇರಿದನು. ಮೊದಲ ದಿನಗಳಲ್ಲಿ ಹೊರಗೆ ಹೋಗಲು ಅನುಮತಿಯಿಲ್ಲ. ಆವರಣದೊಳಗಿನ ತೋಟದ ಹೂಗಳನ್ನೂ, ಸರಳುಗಳಿದ್ದ ಕಿಟಕಿಯಿಂದ ಕಾಣುವ ಗೋಧಿ ಹೊಲವನ್ನೂ ಬರೆದನು. ಜಗತ್ತಿಗೆ ಚಿರಪರಿಚಿತವಾದ, ಸುಳಿಸುಳಿಯಾಗಿ ಹರಿಯುವ ನಕ್ಷತ್ರಗಳ ಚಿತ್ರ ಆ ಜೂನ್ ತಿಂಗಳಿನದು. ಬಯಲಿನ ಈ ಉಪಾಸಕನು ಅದನ್ನು ಬರೆದುದು ಮಾತ್ರ ಕೋಣೆಯೊಳಗೆ, ಕಂಡುದನ್ನು ನೆನೆದು.

ಮುಂದೆ ಕಾವಲಿನವನೊಬ್ಬನ ಜೊತೆಯಲ್ಲಿ ಹೊರಗೆ ಹೋಗಲು ಬಿಟ್ಟರು. ಸೈಪ್ರಸ್ ಮರಗಳನ್ನೂ ಆಲಿವ್ ತೋಪುಗಳನ್ನೂ ಮತ್ತೆ ಮತ್ತೆ ಬರೆದನು. ಜುಲೈ ತಿಂಗಳಲ್ಲಿ, ಗಾಳಿಯ ದಿನ, ಕಲ್ಲುಗಣಿಯ ಬಾಯಿಯಲ್ಲಿ ನಿಂತು ಬರೆಯುತ್ತಿದ್ದಾಗಲೇ ರೋಗ ಮರುಕಳಿಸಿತು. ಆ ಚಿತ್ರವನ್ನು ಮುಗಿಸಿಯೇ ಹಿಂತಿರುಗಿದನು. ಆದರೆ ಬಳಿಕ ವಾರಗಟ್ಟಲೆ ಬಯಲಿಗೆ ಕಾಲಿಡಲು ಅಂಜಿದನು. ಹೊರಗೆ ಹೋದರೆ ರೋಗದ ಭಯ, ಒಳಗೆ ಕುಳಿತರೆ ಕೆಲಸವಿಲ್ಲದ ಭಯ. ಇವೆರಡರ ನಡುವೆ ಒಂದು ವರ್ಷದಲ್ಲಿ ಸುಮಾರು ೧೫೦ ವರ್ಣಚಿತ್ರಗಳಾದವು. ೨೦೧೭ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಸಂಗ್ರಹಾಲಯದವರು ಅವನ ಆಲಿವ್ ಮರಗಳ ಚಿತ್ರವನ್ನು ಭೂತಗನ್ನಡಿಯಡಿ ಪರೀಕ್ಷಿಸುತ್ತಿದ್ದಾಗ ಬಣ್ಣದಲ್ಲಿ ಒಂದು ಸಣ್ಣ ಮಿಡತೆಯ ದೇಹ ಸಿಕ್ಕಿತು. ನೂರ ಇಪ್ಪತ್ತೆಂಟು ವರ್ಷ ಅದು ಅಲ್ಲಿಯೇ ಇದ್ದಿತು; ಯಾರೂ ಕಂಡಿರಲಿಲ್ಲ.

೧೮೯೦ರ ಆರಂಭದಲ್ಲಿ ಭಾಗ್ಯವು ಸ್ವಲ್ಪ ಮುಖ ತೋರಿಸಿತು. ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅವನನ್ನು ಹೊಗಳಿ ಲೇಖನ ಬಂದಿತು. ಆರ್ಲ್ ಊರಿನಲ್ಲಿ ಬರೆದಿದ್ದ ಕೆಂಪು ದ್ರಾಕ್ಷಿಯ ತೋಟದ ಚಿತ್ರ ಬ್ರಸೆಲ್ಸ್ ನಗರದ ಪ್ರದರ್ಶನದಲ್ಲಿ ೪೦೦ ಫ್ರಾಂಕಿಗೆ ಮಾರಾಟವಾಯಿತು. ಕೊಂಡವಳು ಆನ್ನಾ ಬಾಕ್ ಎಂಬ ಚಿತ್ರಕಾರ್ತಿ. ಥಿಯೋನಿಗೆ ಗಂಡು ಮಗು ಹುಟ್ಟಿ, ಅದಕ್ಕೆ ಅಣ್ಣನ ಹೆಸರನ್ನೇ ಇಟ್ಟನು. ವಿನ್ಸೆಂಟನು ಮಗುವಿಗೆ ಕಾಣಿಕೆಯಾಗಿ ನೀಲಿ ಆಕಾಶದ ಎದುರು ಬಾದಾಮಿ ಹೂವಿನ ಕೊಂಬೆಗಳನ್ನು ಬರೆದು ಕಳುಹಿಸಿದನು.

ಕೊನೆಯ ಎಪ್ಪತ್ತು ದಿನ

೧೮೯೦ನೆಯ ಮೇ ತಿಂಗಳಲ್ಲಿ ಪ್ಯಾರಿಸ್ಸಿಗೆ ಸಮೀಪವಾದ ಓವೆರ್ ಎಂಬ ಹಳ್ಳಿಗೆ ಬಂದು, ರಾವೂ ಎಂಬವನ ಖಾನಾವಳಿಯಲ್ಲಿ ಅಟ್ಟದ ಕೋಣೆ ಹಿಡಿದನು. ಊಟ ವಸತಿಗೆ ದಿನಕ್ಕೆ ಮೂರೂವರೆ ಫ್ರಾಂಕು. ಡಾಕ್ಟರ್ ಗಾಷೆ ಎಂಬ ಕಲಾಪ್ರಿಯನು ಅವನ ಆರೋಗ್ಯವನ್ನು ನೋಡಿಕೊಳ್ಳುತ್ತಿದ್ದನು. ಬೆಳಿಗ್ಗೆ ಮುಕ್ಕಾಲಿ ಹೊತ್ತು ಹೊರಡುವನು. ಊಟದ ವೇಳೆಗೆ ತಪ್ಪದೆ ಬರುವನು. ಸುಮಾರು ಎಪ್ಪತ್ತು ದಿನಗಳಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಚಿತ್ರಗಳು. ಊರಿನ ಇಗರ್ಜಿ, ಹುಲ್ಲಿನ ಮಾಡಿನ ಗುಡಿಸಲು, ಮೋಡ ಕವಿದ ಗೋಧಿ ಹೊಲ, ಖಾನಾವಳಿಯ ಯಜಮಾನನ ಮಗಳು, ಎಲ್ಲವೂ ಕುಂಚಕ್ಕೆ ಬಂದವು.

ಆ ಜುಲೈ ತಿಂಗಳಲ್ಲಿ ಥಿಯೋನಿಗೆ ಕಷ್ಟದ ಕಾಲ. ಮಗುವಿಗೆ ಕಾಯಿಲೆ, ಸಂಬಳ ಸಾಲದೆ ಕೋಠಿಯ ನೌಕರಿಯನ್ನೇ ಬಿಡುವ ಯೋಚನೆ. ತಾನು ತಮ್ಮನಿಗೆ ಹೊರೆಯಾದೆನೆಂಬ ಸಂಕಟ ವಿನ್ಸೆಂಟನನ್ನು ಕೊರೆಯುತ್ತಿತ್ತು. ಜುಲೈ ೨೭ರ ಸಂಜೆ ಎದೆಯಲ್ಲಿ ಗುಂಡಿನ ಗಾಯವಾಗಿ ಖಾನಾವಳಿಗೆ ಹಿಂತಿರುಗಿದನು. ತಾನೇ ಹೊಡೆದುಕೊಂಡುದಾಗಿ ತಿಳಿಸಿದನು. ಥಿಯೋ ಓಡಿ ಬಂದನು. ೨೯ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ತಮ್ಮನ ಎದುರಿನಲ್ಲಿ ಪ್ರಾಣ ಹೋಯಿತು. ಖಾನಾವಳಿಯ ಕೋಣೆಯೊಂದರಲ್ಲಿ ಶವದ ಸುತ್ತಲೂ ಅವನ ಚಿತ್ರಗಳನ್ನೇ ತೂಗುಹಾಕಿ, ಹಳದಿ ಹೂಗಳನ್ನಿಟ್ಟರು. ಅವನ ಕಟ್ಟಕಡೆಯ ಚಿತ್ರವು ದಿಣ್ಣೆಯಿಂದ ಹೊರಚಾಚಿದ ಮರದ ಬೇರುಗಳದು. ಅದನ್ನು ಬರೆದ ಸ್ಥಳವನ್ನು ಹಳೆಯ ಅಂಚೆಕಾರ್ಡಿನ ಚಿತ್ರವೊಂದರ ಸಹಾಯದಿಂದ ೨೦೨೦ರಲ್ಲಿ ಗುರುತಿಸಿದರು. ಖಾನಾವಳಿಯಿಂದ ಅದು ಸುಮಾರು ೧೫೦ ಮೀಟರು ದೂರ.

ಋಣ ತೀರಿಸಿದವಳು

ಅಣ್ಣನ ಸಾವಿನ ಆಘಾತವನ್ನು ಥಿಯೋ ತಾಳಲಿಲ್ಲ. ಮೊದಲೇ ರೋಗಿಯಾಗಿದ್ದ ಅವನು ಆರು ತಿಂಗಳೊಳಗೆ, ೧೮೯೧ನೆಯ ಜನವರಿ ೨೫ರಂದು, ತೀರಿಕೊಂಡನು. ಅವನ ಪತ್ನಿ ಯೋಹಾನಾಳಿಗೆ ಆಗ ಇಪ್ಪತ್ತೆಂಟು ವರ್ಷ. ಕೈಯಲ್ಲಿ ಒಂದು ವರ್ಷದ ಕೂಸು. ಮನೆತುಂಬ ಬೆಲೆಯಿಲ್ಲದ ನೂರಾರು ಚಿತ್ರಗಳು. ಅವನ್ನು ಕಳೆದುಬಿಡುವಂತೆ ಬುದ್ಧಿ ಹೇಳಿದವರೂ ಇದ್ದರು. ಅವಳು ಹಾಲೆಂಡಿಗೆ ಹಿಂತಿರುಗಿ, ಬುಸ್ಸಮ್ ಎಂಬ ಊರಿನಲ್ಲಿ ಊಟ ವಸತಿಯ ಮನೆಯೊಂದನ್ನು ತೆರೆದಳು. ಹಗಲು ಅತಿಥಿಗಳ ಊಟೋಪಚಾರ, ಲೆಕ್ಕಪತ್ರ. ರಾತ್ರಿ ಅಣ್ಣತಮ್ಮಂದಿರ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವ ಕೆಲಸ. ಆಲೂಗೆಡ್ಡೆ ತಿನ್ನುವವರ ಚಿತ್ರ ಆ ಮನೆಯ ಗೋಡೆಯ ಮೇಲಿತ್ತು.

ಚಿತ್ರಗಳನ್ನು ಒಂದೇ ಸಲ ಅಗ್ಗಕ್ಕೆ ಮಾರದೆ, ಊರೂರಿಗೆ ಪ್ರದರ್ಶನಕ್ಕೆ ಕಳುಹಿಸಿ, ಸ್ವಲ್ಪ ಸ್ವಲ್ಪವಾಗಿ ಮಾರಿದಳು. ೧೯೦೫ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ೪೭೦ಕ್ಕೂ ಹೆಚ್ಚು ಕೃತಿಗಳ ಪ್ರದರ್ಶನವನ್ನು ತಾನೇ ಏರ್ಪಡಿಸಿದಳು. ೧೯೧೪ರಲ್ಲಿ ಕಾಗದಗಳನ್ನು ಅಚ್ಚು ಹಾಕಿಸಿದಳು. ಅದೇ ವರ್ಷ ಗಂಡನ ಅಸ್ಥಿಗಳನ್ನು ಓವೆರ್ ಹಳ್ಳಿಗೆ ತಂದು ಅಣ್ಣನ ಪಕ್ಕದಲ್ಲಿಯೇ ಹೂಳಿಸಿದಳು. ೧೯೨೫ರಲ್ಲಿ ಅವಳು ಕಾಲವಾದಳು. ಬಾದಾಮಿ ಹೂವಿನ ಚಿತ್ರವನ್ನು ಕಾಣಿಕೆಯಾಗಿ ಪಡೆದ ಆ ಕೂಸು ಬೆಳೆದು, ಎಂಜಿನಿಯರನಾಗಿ, ಸಂಗ್ರಹವನ್ನು ಚದರಗೊಡದೆ ಕಾಪಾಡಿದನು. ೧೯೭೩ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ವಾನ್ ಗೋ ಸಂಗ್ರಹಾಲಯ ತೆರೆಯಿತು. ಡಾಕ್ಟರ್ ಗಾಷೆಯ ಒಂದು ಭಾವಚಿತ್ರವು ೧೯೯೦ರ ಹರಾಜಿನಲ್ಲಿ ೮ ಕೋಟಿ ೨೫ ಲಕ್ಷ ಡಾಲರಿಗೆ ಹೋಯಿತು.

ವಿನ್ಸೆಂಟನು ಹತ್ತು ವರ್ಷಗಳಲ್ಲಿ ಬರೆದ ಎಣ್ಣೆ ಬಣ್ಣದ ಚಿತ್ರಗಳು ಸುಮಾರು ೮೬೦. ಅವುಗಳಿಗಾಗಿ ತಿಂಗಳು ತಿಂಗಳು ಹಣ ತೆತ್ತ ಥಿಯೋ ಆ ಹಣ ಹಿಂದಿರುಗಿದುದನ್ನು ಕಾಣಲಿಲ್ಲ. ಆದರೂ ಅವನು ಒಮ್ಮೆಯೂ ಕೈ ಹಿಡಿಯಲಿಲ್ಲ. ಅಣ್ಣನ ಕಾಗದಗಳನ್ನು ಎಸೆಯಲೂ ಇಲ್ಲ. ಆರುನೂರಕ್ಕೂ ಹೆಚ್ಚು ಕಾಗದಗಳು ಅವನ ಬಳಿ ಭದ್ರವಾಗಿದ್ದುದರಿಂದಲೇ ಆ ಬಿಸಿಲು, ಆ ಗಾಳಿ, ಆ ಇಪ್ಪತ್ತಮೂರು ಬಟ್ಟಲು ಕಾಫಿಯ ಲೆಕ್ಕ ನಮಗೆ ತಿಳಿದಿದೆ. ಓವೆರ್ ಹಳ್ಳಿಯ ಸ್ಮಶಾನದಲ್ಲಿ ಎರಡು ಸಣ್ಣ ಕಲ್ಲುಗಳು ಅಕ್ಕಪಕ್ಕದಲ್ಲಿ ನಿಂತಿವೆ. ಎರಡರ ಮೇಲೂ ಒಂದೇ ಬಳ್ಳಿ ಹಬ್ಬಿದೆ. ಹೊರಗೆ, ಅವನು ಬರೆದ ಗೋಧಿಯ ಬಯಲು.